1972ರ ಎಂಜಿಬಿ ರೋಡ್‌ಸ್ಟರ್: ಬಣ್ಣ ಚೆನ್ನಾಗಿದೆ, ಒಳಗೆ ಏನು ನೋಡಬೇಕು?

ಹೊಸಬ

ಎಲ್ಲರಿಗೂ ನಮಸ್ಕಾರ. ಹಳೇ ಬ್ರಿಟಿಷ್ ಸ್ಪೋರ್ಟ್ಸ್ ಕಾರು ಒಂದನ್ನು ಇಟ್ಟುಕೊಳ್ಳಬೇಕು ಅನ್ನೋ ಆಸೆ ಬಹಳ ಕಾಲದ್ದು. ಈಗ ಒಂದು ಕಣ್ಣಿಗೆ ಬಿದ್ದಿದೆ. 1972ರ ಎಂಜಿಬಿ ರೋಡ್‌ಸ್ಟರ್. ಕ್ರೋಮ್ ಬಂಪರ್, ಕಡ್ಡಿಗಳಿರುವ ವೈರ್ ವೀಲು, ಓವರ್‌ಡ್ರೈವ್ (ದೂರದ ದಾರಿಯಲ್ಲಿ ಎಂಜಿನ್ ಸುತ್ತು ತಗ್ಗಿಸುವ ಹೆಚ್ಚುವರಿ ಗೇರು) ಎಲ್ಲ ಇದೆ. ಕಡು ಹಸಿರು ಬಣ್ಣ, ಈಚೆಗೆ ಹೊಡೆಸಿದ್ದು. ಎಂಜಿನ್ ಪೂರ್ತಿ ಬಿಚ್ಚಿ ಹೊಸದು ಮಾಡಿಸಿದ್ದೇನೆ ಅಂತ ಮಾರುವವರು ಹೇಳಿದರು. ಬಿಲ್ ತೋರಿಸಿ ಅಂದರೆ "ಎಲ್ಲೋ ಇದೆ, ಹುಡುಕಬೇಕು" ಅಂದರು.

ಒಂದು ಸುತ್ತು ಓಡಿಸಿದೆ. ಎಂಜಿನ್ ಸದ್ದು ಚೆನ್ನಾಗಿತ್ತು. ಆದರೆ ಆಕ್ಸಿಲರೇಟರ್ ಜೋರಾಗಿ ಒತ್ತಿದ ತಕ್ಷಣ ಒಂದು ಕ್ಷಣ ಉಸಿರು ಕಟ್ಟಿದ ಹಾಗೆ ಆಗಿ ಆಮೇಲೆ ಎಳೆಯುತ್ತದೆ. ಗಾಳಿ, ಪೆಟ್ರೋಲ್ ಬೆರೆಸುವ ಕಾರ್ಬ್ಯುರೇಟರ್ ಎರಡೂ ಕೆಟ್ಟಿವೆಯಾ? ಓವರ್‌ಡ್ರೈವ್ ಸ್ವಿಚ್ ಒತ್ತಿದರೆ ಏನೂ ಆಗಲಿಲ್ಲ. ಗಾಡಿ ಹೊರಡುವಾಗ, ಬ್ರೇಕ್ ಹಾಕುವಾಗ ಹಿಂದಿನಿಂದ 'ಟಕ್' ಅಂತ ಸದ್ದು ಬರುತ್ತದೆ.

ನನಗೆ ಸ್ಪ್ಯಾನರ್ ಹಿಡಿದು ಅಭ್ಯಾಸ ಇದೆ, ನನ್ನ ಹಳೇ ಬೈಕು ನಾನೇ ರಿಪೇರಿ ಮಾಡಿಕೊಳ್ಳುತ್ತೇನೆ. ವೆಲ್ಡಿಂಗ್ ಬರುವುದಿಲ್ಲ. ಈಗಿನ ಪೆಟ್ರೋಲ್ ಇದಕ್ಕೆ ಆಗುತ್ತಾ? ಲೂಕಾಸ್ ಕಂಪನಿಯ ವೈರಿಂಗ್ ಬಗ್ಗೆ ಎಲ್ಲರೂ ನಗುತ್ತಾರೆ, ನಿಜವಾಗಿಯೂ ಅಷ್ಟು ಕೆಟ್ಟದ್ದಾ? ತಗೊಳ್ಳಲಾ, ಬಿಡಲಾ?

ಗ್ರೀಸ್ ಕೈ

ಎಂಜಿನ್ ಬಗ್ಗೆ ಇಷ್ಟೆಲ್ಲ ಬರೆದಿದ್ದೀರಿ, ಬಾಡಿ ಬಗ್ಗೆ "ಬಣ್ಣ ಹೊಸದು" ಅಂತಷ್ಟೇ. ಉಲ್ಟಾ ಇರಬೇಕಿತ್ತು. ಎಂಜಿಬಿ ತಗೊಳ್ಳುವವರು ದುಡ್ಡು ಕೊಡೋದು ತಗಡಿಗೆ. ಎಂಜಿನ್ ಅದರ ಜೊತೆ ಬರುತ್ತದೆ, ಅಷ್ಟೇ. ನನ್ನ ಹತ್ತಿರ ಇರೋದು 1969ರ ರೋಡ್‌ಸ್ಟರ್. ಅದರ ಕೆಳಗೆ ಮಲಗಿ ಕಳೆದಷ್ಟು ಹೊತ್ತು ಅದರೊಳಗೆ ಕೂತು ಕಳೆದಿಲ್ಲ. ಅದಕ್ಕೇ ಈ ಮಾತು.

ಈ ಕಾರಿಗೆ ಬೇರೆ ಚಾಸಿ (ಬಾಡಿಯನ್ನು ಹೊರುವ ಕೆಳಗಿನ ಚೌಕಟ್ಟು) ಇಲ್ಲ. ಇದಕ್ಕೆ ಮುಂಚಿನ ಎಂಜಿಎಗೆ ಇತ್ತು. 1962ರಲ್ಲಿ ಎಂಜಿಬಿ ಬಂದಾಗ ಬಾಡಿಯೇ ಚಾಸಿ ಆಯಿತು. ರೋಡ್‌ಸ್ಟರ್‌ಗೆ ಮೇಲೆ ಛಾವಣಿಯೂ ಇಲ್ಲ. ಹಾಗಿದ್ದರೆ ಗಾಡಿಯ ಮುಂಭಾಗ, ಹಿಂಭಾಗ ಎರಡನ್ನೂ ಹಿಡಿದಿರೋದು ಯಾವುದು? ನಡುವಿನ ಗೇರ್‌ಬಾಕ್ಸ್ ಟನಲ್ ಮತ್ತೆ ಬಾಗಿಲ ಕೆಳಗಿನ ಸಿಲ್. ಹೆಚ್ಚಿನ ಭಾರ ಸಿಲ್ ಮೇಲೇ. ಹೊರಗಿನಿಂದ ನೋಡಿದರೆ ಒಂದು ಪಟ್ಟಿ ಥರ ಕಾಣುತ್ತದೆ, ಒಳಗೆ ಪದರ ಪದರ ಇದೆ. ಹೊರ ಸಿಲ್, ಒಳ ಸಿಲ್, ಎರಡರ ಮಧ್ಯೆ ನಿಂತಿರುವ ಇನ್ನೊಂದು ತಗಡು, ಕೆಳಗೆ ಕ್ಯಾಸಲ್ ರೈಲ್ ಅನ್ನುವ ಉದ್ದನೆಯ ತಗಡಿನ ಪಟ್ಟಿ. ಮುಂದಿನ ಚಕ್ರ ಎರಚುವ ಕೆಸರು ಚಕ್ರದ ಹಿಂದಿನ ಮೂಲೆಯಲ್ಲಿ ಕೂರುತ್ತದೆ, ಅಲ್ಲಿಂದ ಒಳಗಡೆಗೆ ತುಕ್ಕು ಹಿಡಿಯುತ್ತಾ ಹೋಗುತ್ತದೆ. ಹೊರಗೆ ಗುಳ್ಳೆ ಕಾಣುವ ಹೊತ್ತಿಗೆ ಒಳಗಿನದು ಎಂದೋ ಮುಗಿದಿರುತ್ತದೆ.

ಇದನ್ನು ಸರಿಯಾಗಿ ಬದಲಿಸೋದು ದೊಡ್ಡ ಕೆಲಸ. ಮುಂದಿನ ವಿಂಗ್ (ಚಕ್ರದ ಮೇಲಿನ ಹೊರ ತಗಡು) ಬಿಚ್ಚಬೇಕು. ಹಿಂದಿನ ವಿಂಗ್‌ನ ಕೆಳಭಾಗ ಕತ್ತರಿಸಬೇಕು. ಕತ್ತರಿಸೋಕೆ ಮುಂಚೆ ಬಾಗಿಲ ಜಾಗಕ್ಕೆ ಅಡ್ಡ ಕಂಬಿ ವೆಲ್ಡ್ ಮಾಡಿ ಬಿಗಿ ಮಾಡಬೇಕು, ಇಲ್ಲದಿದ್ದರೆ ಗಾಡಿ ನಡುವೆ ಬಗ್ಗಿ ಹೋಗುತ್ತದೆ. ಇಷ್ಟೆಲ್ಲ ಯಾರು ಮಾಡುತ್ತಾರೆ ಅಂತ ಕೆಲವರು ತುಕ್ಕು ಹಿಡಿದ ಸಿಲ್ ಮೇಲೇ ಇನ್ನೊಂದು ತಗಡು ಮುಚ್ಚಿ, ಪುಟ್ಟಿ ಬಳಿದು, ಬಣ್ಣ ಹೊಡೆದು ಮಾರಿಬಿಡುತ್ತಾರೆ. ನಿಮ್ಮ ಹಸಿರು ಕಾರಿನದು ಇದೇ ಕಥೆ ಅಂತ ನಾನು ಹೇಳುತ್ತಿಲ್ಲ. ಆದರೆ ಹೊಸ ಬಣ್ಣ ಇದೆ, ಬಿಲ್ ಇಲ್ಲ ಅಂದಾಗ ನನಗೆ ಮೊದಲು ಬರೋ ಅನುಮಾನ ಇದೇ.

ಹೋಗುವಾಗ ಒಂದು ಚಿಕ್ಕ ಮ್ಯಾಗ್ನೆಟ್ ಜೇಬಿನಲ್ಲಿ ಇಟ್ಟುಕೊಳ್ಳಿ. ಬಣ್ಣಕ್ಕೆ ಗೀರು ಬೀಳದ ಹಾಗೆ ತೆಳು ಬಟ್ಟೆ ಸುತ್ತಿ. ಸಿಲ್ ಉದ್ದಕ್ಕೂ, ವಿಂಗ್‌ಗಳ ಕೆಳಭಾಗಕ್ಕೆ, ಹಿಂದಿನ ಚಕ್ರದ ಕಮಾನಿನ ಅಂಚಿಗೆ ಇಟ್ಟು ನೋಡುತ್ತಾ ಹೋಗಿ. ಹಿಡಿಯದೆ ಜಾರಿದರೆ ಅಲ್ಲಿ ಇರೋದು ಪುಟ್ಟಿ. ಆಮೇಲೆ ಬಾಗಿಲು ಮುಚ್ಚಿ, ಬಾಗಿಲಿಗೂ ಹಿಂದಿನ ವಿಂಗ್‌ಗೂ ನಡುವಿನ ಸಂದು ನೋಡಿ. ಮೇಲಿಂದ ಕೆಳಗಿನ ತನಕ ಒಂದೇ ಅಗಲ ಇರಬೇಕು. ಮೇಲೆ ಕಿರಿದಾಗಿ ಕೆಳಗೆ ಅಗಲವಾಗಿದ್ದರೆ ಗಾಡಿ ನಡುವೆ ಕುಸಿದಿದೆ ಅಂತ ಅರ್ಥ. ಕೊನೆಗೆ ಮಾರುವವರ ಒಪ್ಪಿಗೆ ಕೇಳಿ ಸಿಲ್ ಕೆಳಗಿನ ಜಾಕ್ ಜಾಗದಲ್ಲಿ ಜಾಕ್ ಕೊಟ್ಟು ಒಂದು ಕಡೆ ಎತ್ತಿ, ಬಾಗಿಲು ತೆಗೆದು ಮುಚ್ಚಿ. ಮೊದಲಿನ ಹಾಗೇ ಸಲೀಸಾಗಿ ಮುಚ್ಚಬೇಕು. ಒಪ್ಪಿಗೆ ಕೊಡದಿದ್ದರೆ ಅದೂ ಒಂದು ಉತ್ತರವೇ.

ಸೀಟಿನ ಹಿಂದೆ ಒಂದು ಮುಚ್ಚಳ ಇದೆ. ಅದರ ಕೆಳಗೆ ಎರಡು 6 ವೋಲ್ಟ್ ಬ್ಯಾಟರಿ ಇರುತ್ತವೆ, ಕೆಲವರು ತೆಗೆದು ಒಂದೇ 12 ವೋಲ್ಟ್‌ದು ಹಾಕಿಸಿರುತ್ತಾರೆ. ಬ್ಯಾಟರಿ ಇಡುವ ಪೆಟ್ಟಿಗೆಯ ತಳ ಇದೆಯಾ ಅಂತ ಕೆಳಗಿನಿಂದ ನೋಡಿ. ತಮಾಷೆ ಅಲ್ಲ, ತಳ ಉದುರಿ ಹೋಗಿರುವ ಗಾಡಿಗಳು ಇವೆ. ಅಲ್ಲೇ ಹತ್ತಿರ ಹಿಂದಿನ ಪಟ್ಟಿ ಸ್ಪ್ರಿಂಗ್ ಕೂರುವ ಜಾಗ, ಅದನ್ನೂ ನೋಡಿ. ಕಾರ್ಪೆಟ್ ಕೆಳಗೆ ಕೈ ಹಾಕಿ ಒದ್ದೆ ಇದೆಯಾ ನೋಡಿ.

ಇನ್ನು ನಿಮ್ಮ ಪ್ರಶ್ನೆಗಳು.

ಉಸಿರು ಕಟ್ಟಿದ ಹಾಗೆ ಆಗೋದಕ್ಕೆ ಹತ್ತಕ್ಕೆ ಹತ್ತು ಜನ ಕಾರ್ಬ್ಯುರೇಟರ್‌ಗೆ ಬೈಯುತ್ತಾರೆ. ಮೊದಲು ಎಣ್ಣೆ ನೋಡಿ. ಎಸ್‌ಯು ಕಂಪನಿಯ ಕಾರ್ಬ್ಯುರೇಟರ್ ಮೇಲೆ ಗುಮ್ಮಟದಂಥ ಭಾಗ ಇದೆಯಲ್ಲ, ಅದರ ನೆತ್ತಿಯಲ್ಲಿ ಒಂದು ಸಣ್ಣ ಮುಚ್ಚಳ. ತಿರುಗಿಸಿ ಮೇಲೆತ್ತಿದರೆ ತೆಳು ಕಡ್ಡಿಯೊಂದು ಬರುತ್ತದೆ. ಅದು ಎಣ್ಣೆಯಲ್ಲಿ ಮುಳುಗಿರಬೇಕು. ನೀವು ಆಕ್ಸಿಲರೇಟರ್ ಒತ್ತಿದಾಗ ಒಳಗಿನ ಪಿಸ್ಟನ್ ಒಮ್ಮೆಲೇ ಮೇಲೆ ಹಾರದ ಹಾಗೆ ತಡೆಯೋದು ಆ ಎಣ್ಣೆ. ಎಣ್ಣೆ ಒಣಗಿದ್ದರೆ ಪಿಸ್ಟನ್ ಹಾರುತ್ತದೆ, ಗಾಳಿ ಜಾಸ್ತಿ ಆಗುತ್ತದೆ, ಪೆಟ್ರೋಲ್ ಸಾಲದೆ ಎಂಜಿನ್ ಒಂದು ಕ್ಷಣ ಮುಗ್ಗರಿಸುತ್ತದೆ. ಮುಚ್ಚಳ ಹಾಕುವಾಗ ಕಡ್ಡಿ ಎಣ್ಣೆಗೆ ತಗುಲಿ ಕೈಗೆ ಸ್ವಲ್ಪ ತಡೆದ ಹಾಗೆ ಅನ್ನಿಸಬೇಕು. ಅನ್ನಿಸಲಿಲ್ಲವಾದರೆ ಸ್ವಲ್ಪ ಎಂಜಿನ್ ಆಯಿಲ್ ಬಿಡಿ. ಇದಕ್ಕಿಂತ ಸುಲಭದ ರಿಪೇರಿ ಆ ಗಾಡಿಯಲ್ಲಿ ಬೇರೆ ಇಲ್ಲ.

ಎರಡು ಕಾರ್ಬ್ಯುರೇಟರ್‌ಗೆ ಹೆದರಬೇಡಿ. ಒಂದು ತುಂಡು ರಬ್ಬರ್ ಪೈಪ್ ತಗೊಂಡು ಒಂದು ತುದಿ ಕಿವಿಗೆ, ಇನ್ನೊಂದು ತುದಿ ಮೊದಲನೇ ಕಾರ್ಬ್ಯುರೇಟರ್ ಬಾಯಿಗೆ. ಐಡಲ್‌ನಲ್ಲಿ (ಗಾಡಿ ನಿಂತು ಎಂಜಿನ್ ಮಾತ್ರ ಓಡುವಾಗ) 'ಸ್ಸ್' ಅನ್ನುವ ಸದ್ದು ಕೇಳುತ್ತದೆ. ಎರಡನೆಯದಕ್ಕೂ ಹಾಗೇ ಹಿಡಿಯಿರಿ. ಎರಡರ ಸದ್ದೂ ಒಂದೇ ಥರ ಬರುವ ತನಕ ಐಡಲ್ ಸ್ಕ್ರೂ ತಿರುಗಿಸಿ. ಆಮೇಲೆ ಮಿಕ್ಸ್ಚರ್, ಅಂದರೆ ಗಾಳಿ ಪೆಟ್ರೋಲ್ ಪ್ರಮಾಣ. ತೆಳು ಸ್ಕ್ರೂಡ್ರೈವರ್‌ನಿಂದ ಪಿಸ್ಟನ್ನನ್ನು ಒಂದು ಮಿಲಿಮೀಟರ್‌ನಷ್ಟು ಮೇಲೆತ್ತಿ. ವೇಗ ಒಂಚೂರು ಏರಿ ಮತ್ತೆ ಇಳಿದರೆ ಸರಿ ಇದೆ. ಏರಿ ಅಲ್ಲೇ ನಿಂತರೆ ಪೆಟ್ರೋಲ್ ಜಾಸ್ತಿ. ಎಂಜಿನ್ ತಡವರಿಸಿ ನಿಲ್ಲೋಕೆ ನೋಡಿದರೆ ಪೆಟ್ರೋಲ್ ಕಮ್ಮಿ. ಇದನ್ನು ಕಿವಿಯಲ್ಲೇ ಹಿಡಿಯುವಷ್ಟು ಅಭ್ಯಾಸ ಆದ ದಿನ ಈ ಕಾರು ನಿಮ್ಮದು.

ಓವರ್‌ಡ್ರೈವ್ ಏನೂ ಮಾಡದಿದ್ದರೆ ತಕ್ಷಣ ಅದೇ ಹಾಳಾಗಿದೆ ಅಂದುಕೊಳ್ಳಬೇಡಿ. ಅದು 3 ಮತ್ತು 4ನೇ ಗೇರಿನಲ್ಲಿ ಮಾತ್ರ ಹಿಡಿಯುತ್ತದೆ. ಬೇರೆ ಗೇರಿನಲ್ಲಿ ಹಿಡಿಯದ ಹಾಗೆ ಗೇರ್‌ಬಾಕ್ಸ್ ಮೇಲೆ ಒಂದು ಸ್ವಿಚ್ ಇದೆ. ಆ ಸ್ವಿಚ್ಚೋ, ಅದಕ್ಕೆ ಹೋಗುವ ವೈರೋ ಕೈ ಕೊಟ್ಟಿರೋದು ಮಾಮೂಲು. ಗೇರ್‌ಬಾಕ್ಸ್‌ಗೂ ಓವರ್‌ಡ್ರೈವ್‌ಗೂ ಒಂದೇ ಎಣ್ಣೆ, ಅದೂ ಎಂಜಿನ್‌ಗೆ ಹಾಕುವ 20ಡಬ್ಲ್ಯೂ-50. ಅದು ಕಮ್ಮಿ ಇದ್ದರೂ ಹಿಡಿಯುವುದಿಲ್ಲ. ಹಾಗಂತ ಅದನ್ನು ಹಗುರವಾಗಿ ಬಿಡಬೇಡಿ. ಗಂಟೆಗೆ 100 ಕಿಲೋಮೀಟರ್‌ನಲ್ಲಿ ಓವರ್‌ಡ್ರೈವ್ ಇಲ್ಲದೆ ಎಂಜಿನ್ ನಿಮಿಷಕ್ಕೆ ಸುಮಾರು 3,500 ಸುತ್ತು ತಿರುಗುತ್ತಿರುತ್ತದೆ. ಹಿಡಿದರೆ 2,800ಕ್ಕೆ ಇಳಿಯುತ್ತದೆ. ದೂರದ ದಾರಿಯಲ್ಲಿ ನಿಮ್ಮ ಕಿವಿಗೂ ಎಂಜಿನ್‌ಗೂ ಅದೇ ದೊಡ್ಡ ವ್ಯತ್ಯಾಸ.

'ಟಕ್' ಸದ್ದು ಬಹುತೇಕ ವೈರ್ ವೀಲಿನದ್ದು. ಚಕ್ರ ಹಬ್ ಮೇಲೆ ಕೂರೋದು ಹಲ್ಲುಗಳ ಮೇಲೆ. ಆ ಹಲ್ಲು ಸವೆದರೆ ಹೊರಡುವಾಗ ಒಂದು ಟಕ್, ನಿಲ್ಲಿಸುವಾಗ ಒಂದು ಟಕ್. ಒಬ್ಬರು ಬ್ರೇಕ್ ಒತ್ತಿ ಹಿಡಿಯಲಿ, ನೀವು ಎತ್ತಿದ ಚಕ್ರವನ್ನು ಹಿಂದೆ ಮುಂದೆ ಅಲ್ಲಾಡಿಸಿ. ಹಬ್ ಮೇಲೆ ಚಕ್ರ ಆಡಿದರೆ ಹಬ್ಬೂ ಚಕ್ರವೂ ಎರಡೂ ಬದಲಿಸಬೇಕು. ಸವೆದ ಹಬ್ ಮೇಲೆ ಹೊಸ ಚಕ್ರ ಕೂರಿಸಿದರೆ ಅದನ್ನೂ ಬೇಗ ತಿಂದುಬಿಡುತ್ತದೆ. ಹಾಗೇ ಒಂದು ಚಮಚ ತಗೊಂಡು ಕಡ್ಡಿಗಳನ್ನು ಒಂದೊಂದಾಗಿ ತಟ್ಟಿ. ಬಿಗಿ ಇದ್ದದ್ದು ಟಿಣ್ ಅನ್ನುತ್ತದೆ, ಸಡಿಲ ಇದ್ದದ್ದು ಮಂಕಾಗಿ ಸದ್ದು ಮಾಡುತ್ತದೆ. ಚಕ್ರದ ನಡುವಿನ ದೊಡ್ಡ ನಟ್ ಎಡಕ್ಕೂ ಬಲಕ್ಕೂ ಬೇರೆ ಬೇರೆ ಥ್ರೆಡ್. ಯಾವ ಕಡೆ ತಿರುಗಿಸಿದರೆ ಬಿಚ್ಚುತ್ತದೆ ಅಂತ ಅದರ ಮೇಲೇ ಬಾಣದ ಗುರುತು ಇರುತ್ತದೆ, ನೋಡಿಕೊಂಡೇ ಹೊಡೆಯಿರಿ. ಎಡದ ಹಬ್ಬನ್ನು ಯಾರಾದರೂ ಬಲಕ್ಕೆ ಹಾಕಿದ್ದರೆ ಓಡುತ್ತಾ ಓಡುತ್ತಾ ನಟ್ ತಾನಾಗೇ ಬಿಚ್ಚಿಕೊಳ್ಳುತ್ತದೆ. ಹೌದು, ನಿಜವಾಗಿಯೂ.

ಪೆಟ್ರೋಲ್ ವಿಷಯ. ಆಗಿನ ಪೆಟ್ರೋಲಿನಲ್ಲಿ ಸೀಸ ಇತ್ತು, ಅದು ಹೊಗೆ ಬಿಡುವ ಎಕ್ಸಾಸ್ಟ್ ವಾಲ್ವ್ ಕೂರುವ ಸೀಟನ್ನು ಕಾಪಾಡುತ್ತಿತ್ತು. ಈಗಿನದರಲ್ಲಿ ಇಲ್ಲ. ಎಂಜಿನ್ ಬಿಚ್ಚಿದ್ದು ನಿಜವಾದರೆ ಗಟ್ಟಿ ಸೀಟ್ ಹಾಕಿಸಿರಬೇಕು, ಕೇಳಿ. ಹಾಕಿಸಿಲ್ಲ ಅಂದರೂ ನಿಧಾನವಾಗಿ ಓಡಿಸುವವರಿಗೆ ತಕ್ಷಣ ತೊಂದರೆ ಇಲ್ಲ. ಎಕ್ಸಾಸ್ಟ್ ವಾಲ್ವ್‌ನ ಟ್ಯಾಪೆಟ್ ಗ್ಯಾಪ್ (ವಾಲ್ವಿಗೂ ಅದನ್ನು ಒತ್ತುವ ಭಾಗಕ್ಕೂ ನಡುವಿನ ಸಂದು) ಮೇಲಿಂದ ಮೇಲೆ ಕಮ್ಮಿ ಆಗುತ್ತಿದ್ದರೆ ಸೀಟ್ ಸವೆಯುತ್ತಿದೆ ಅಂತ ಲೆಕ್ಕ. ನನಗೆ ಹೆಚ್ಚು ಚಿಂತೆ ಎಥನಾಲ್‌ದು. ಬ್ರಿಟನ್ನಿನಲ್ಲೇ 2021ರ ಸೆಪ್ಟೆಂಬರ್‌ನಿಂದ ಮಾಮೂಲಿ ಪೆಟ್ರೋಲ್ ಅಂದರೆ ಶೇಕಡಾ 10ರ ತನಕ ಎಥನಾಲ್ ಇರುವ ಇ10. ಹಳೇ ರಬ್ಬರ್ ಪೈಪುಗಳನ್ನು ಅದು ಮೆತ್ತಗೆ ಮಾಡಿ ಬಿರುಕು ಬಿಡಿಸುತ್ತದೆ. ಬಿಸಿ ಎಕ್ಸಾಸ್ಟ್ ಮೇಲೇ ಕಾರ್ಬ್ಯುರೇಟರ್ ಇರುವ ಗಾಡಿ ಇದು. ತಗೊಂಡ ದಿನವೇ ಎಥನಾಲ್ ತಡೆಯುವ ಪೈಪು ಹಾಕಿಸಿ.

ಲೂಕಾಸ್‌ಗೆ 'ಕತ್ತಲ ರಾಜಕುಮಾರ' ಅಂತ ಹೆಸರಿಟ್ಟು ನಗೋದು ಹಳೇ ಜೋಕು. ನನಗೆ ಅದು ಅನ್ಯಾಯ ಅನ್ನಿಸುತ್ತದೆ. ಐವತ್ತು ವರ್ಷದ ವೈರಿಂಗು, ಮಧ್ಯೆ ಯಾರ್ಯಾರೋ ಬಂದು ಕತ್ತರಿಸಿ ಟೇಪ್ ಸುತ್ತಿರುತ್ತಾರೆ, ಬೈಗುಳ ಮಾತ್ರ ಲೂಕಾಸ್‌ಗೆ. ಅರ್ತ್ ವೈರ್ ಬಾಡಿಗೆ ಕೂರುವ ಜಾಗಗಳನ್ನು ಉಜ್ಜಿ ಹೊಳೆಯುವ ಹಾಗೆ ಮಾಡಿ. ವೈರ್ ಜೋಡಿಸುವ ಬುಲೆಟ್ ಕನೆಕ್ಟರ್‌ಗಳನ್ನು ಎಳೆದು, ಕ್ಲೀನ್ ಮಾಡಿ, ಮತ್ತೆ ಹಾಕಿ. ಮುಕ್ಕಾಲು ಕಾಯಿಲೆ ಅಲ್ಲೇ ವಾಸಿ. ಹೆಡ್‌ಲೈಟಿನ ಕರೆಂಟ್ ಪೂರ್ತಿ ಸ್ವಿಚ್ ಮೂಲಕವೇ ಹರಿಯುತ್ತದೆ, ಅದಕ್ಕೆ ಫ್ಯೂಸೂ ಇಲ್ಲ. ಒಂದು ರಿಲೇ (ಸ್ವಿಚ್ಚಿನ ಬದಲು ದೊಡ್ಡ ಕರೆಂಟ್ ಹೊರುವ ಭಾಗ), ಒಂದು ಫ್ಯೂಸ್ ಹಾಕಿಸಿ. ಬೆಳಕೂ ಜಾಸ್ತಿ ಆಗುತ್ತದೆ, ಸ್ವಿಚ್ಚೂ ಉಳಿಯುತ್ತದೆ.

ಎಂಜಿನ್ ಬಗ್ಗೆ ಕೊನೆಯಲ್ಲಿ ಎರಡೇ ಮಾತು. 1798 ಸಿಸಿ, ಬಿ ಸೀರೀಸ್ ಅನ್ನುವ ಬಳಗದ್ದು, ಎಂಜಿನ್ ನಡುವಿನ ಕ್ರ್ಯಾಂಕ್ ಶಾಫ್ಟ್ ಕೂರುವ ಐದು ಬೇರಿಂಗಿನದು, ಗಟ್ಟಿ ಜೀವ. ಅಂಬಾಸಿಡರ್‌ನಲ್ಲಿ ಇದ್ದ 1489 ಸಿಸಿ ಎಂಜಿನ್ನೂ ಇದೇ ಬಳಗದ್ದು, ಅದನ್ನು ಬಿಚ್ಚಿ ನೋಡಿದವರಿಗೆ ಇದರಲ್ಲಿ ಹೊಸದೇನೂ ಕಾಣುವುದಿಲ್ಲ. ಬಿಸಿ ಆದ ಮೇಲೆ ಓಡುವಾಗ ಆಯಿಲ್ ಪ್ರೆಶರ್ 50ರಿಂದ 80 ಪಿಎಸ್‌ಐ ಇರಬೇಕು, ಐಡಲ್‌ನಲ್ಲಿ 10ರಿಂದ 25. ಇದ್ದರೆ ಮುಂದಕ್ಕೆ ಹೋಗಿ.

ಪುಟ್ಟ ಚಕ್ರ

ಗ್ರೀಸ್ ಕೈ ಅವರ ಮಾತಿಗೆ ಎದುರಿಲ್ಲ. ಆದರೆ ಎಂಜಿಬಿಯೇ ಬೇಕಾ? ವೆಲ್ಡಿಂಗ್ ಬರುವುದಿಲ್ಲ ಅಂತೀರಿ, ಸ್ಪ್ಯಾನರ್ ಬರುತ್ತದೆ ಅಂತೀರಿ. ಟ್ರಯಂಫ್ ಸ್ಪಿಟ್‌ಫೈರ್ ಒಮ್ಮೆ ನೋಡಿ. ಅದೂ 1962ರಲ್ಲೇ ಬಂದದ್ದು, 1980ರ ತನಕ ತಯಾರಾಯಿತು. ಬಾನೆಟ್ ವಿಂಗ್ ಸಮೇತ ಮುಂದಕ್ಕೆ ಮಗುಚಿಕೊಳ್ಳುತ್ತದೆ. ಮುಂದಿನ ಟೈರ್ ಮೇಲೆ ಕೂತುಕೊಂಡು ಕೆಲಸ ಮಾಡಬಹುದು. ಸೊಂಟ ನೋವು ಇರುವವರಿಗೆ ಇದಕ್ಕಿಂತ ಒಳ್ಳೆಯ ಕಾರು ಇಲ್ಲ! ಕೆಳಗೆ ಬೇರೆ ಚಾಸಿಯೂ ಇದೆ.

ಎರಡು ಕಡೆ ಎಚ್ಚರ. ಒಂದು, ಮುಂದಿನ ಟ್ರನಿಯನ್, ಅಂದರೆ ಮುಂದಿನ ಚಕ್ರ ತಿರುಗಲು ಆಧಾರವಾದ ಕೆಳಗಿನ ಕೀಲು. ಅದಕ್ಕೆ ಹಾಕಬೇಕಾದ್ದು ಗೇರ್ ಆಯಿಲ್, ಗ್ರೀಸ್ ಅಲ್ಲ. ಆಯಿಲ್ ಕಾಣದ ಟ್ರನಿಯನ್ ಒಳಗೇ ಸವೆದು ಒಂದು ದಿನ ಮುರಿಯುತ್ತದೆ, ಚಕ್ರ ಮಡಚಿಕೊಳ್ಳುತ್ತದೆ. ಇನ್ನೊಂದು, ಕ್ರ್ಯಾಂಕ್ ಹಿಂದೆ ಮುಂದೆ ಜರುಗದ ಹಾಗೆ ತಡೆಯುವ ಥ್ರಸ್ಟ್ ವಾಷರ್. ಒಬ್ಬರು ಕ್ಲಚ್ ಒತ್ತಲಿ, ನೀವು ಎಂಜಿನ್ ಮುಂದಿನ ಪುಲ್ಲಿ ನೋಡಿ. ಅದು ಮುಂದಕ್ಕೆ ಜರುಗಿದ್ದು ಕಣ್ಣಿಗೇ ಕಂಡರೆ ಆ ಗಾಡಿ ಬೇಡ.

ಗ್ರೀಸ್ ಕೈ

ಸ್ಪಿಟ್‌ಫೈರ್ ಬಾನೆಟ್ ಬಗ್ಗೆ ನನಗೂ ಹೊಟ್ಟೆಕಿಚ್ಚು ಇದೆ, ಒಪ್ಪುತ್ತೇನೆ. ಆದರೆ ಹೊಸಬರಿಗೆ ಒಂದು ಕಿವಿಮಾತು. ಚಾಸಿ ಇದ್ದರೂ ಅದರ ಸಿಲ್‌ಗೂ ಭಾರ ಹೊರುವ ಕೆಲಸ ಇದೆ. ಮ್ಯಾಗ್ನೆಟ್ ಮನೆಯಲ್ಲಿ ಬಿಟ್ಟು ಹೋಗಬೇಡಿ. ಮತ್ತೆ 1970ಕ್ಕೆ ಮುಂಚಿನ ಸ್ಪಿಟ್‌ಫೈರ್‌ನಲ್ಲಿ ತಿರುವಿನ ಮಧ್ಯೆ ಹೆದರಿ ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಹಿಂದಿನ ಚಕ್ರ ಒಳಕ್ಕೆ ಮಡಚಿದ ಹಾಗಾಗಿ ಗಾಡಿ ತಿರುಗಿಕೊಳ್ಳಬಹುದು. ಆಮೇಲೆ ಬಂದ ಮಾರ್ಕ್ 4 ಮಾಡೆಲ್‌ನಲ್ಲಿ ಹಿಂದಿನ ಸ್ಪ್ರಿಂಗ್ ಬದಲಿಸಿ ಅದನ್ನು ಬಹಳಷ್ಟು ಸರಿ ಮಾಡಿದರು.

ಮಳೆ ಬಂತು

ನಾನು ರೋಡ್‌ಸ್ಟರ್ ಕೊಟ್ಟು ಎಂಜಿಬಿ ಜಿಟಿ ತಗೊಂಡವನು. ಅದೇ ಎಂಜಿನ್, ಅದೇ ಗೇರ್‌ಬಾಕ್ಸ್, ಮೇಲೆ ಇಟಲಿಯ ವಿನ್ಯಾಸ ಕಂಪನಿ ಪಿನಿನ್‌ಫರೀನಾ ಕೈಯಾಡಿಸಿದ ಛಾವಣಿ. 1965ರಿಂದ ಬಂತು. ಸಾಮಾನ್ಯವಾಗಿ ರೋಡ್‌ಸ್ಟರ್‌ಗಿಂತ ಕಮ್ಮಿಗೆ ಸಿಗುತ್ತದೆ. ಹಿಂದೆ ಸಾಮಾನು ಇಡಬಹುದು, ಒದ್ದೆ ಆಗುವುದಿಲ್ಲ. ಛಾವಣಿ ಇರೋದರಿಂದ ಬಾಡಿಯೂ ಬಿಗಿ. ಜನ ತಿರುಗಿ ನೋಡೋದು ಸ್ವಲ್ಪ ಕಮ್ಮಿ, ಅಷ್ಟೇ ನಷ್ಟ.

ಹೊಸಬ

ಎಲ್ಲರಿಗೂ ಥ್ಯಾಂಕ್ಸ್. ಶನಿವಾರ ಮ್ಯಾಗ್ನೆಟ್, ಚಮಚ ಎರಡೂ ತಗೊಂಡು ಹೋಗುತ್ತೇನೆ. ಅದಕ್ಕೆ ಮುಂಚೆ ಇನ್ನೊಂದು ಪ್ರಶ್ನೆ. ಓಡಿಸೋದು ನಿಜವಾಗಿ ಹೇಗಿರುತ್ತದೆ? ನಾನು ಓಡಿಸಿದ್ದು ಒಂದೇ ಸುತ್ತು, ಅದರಲ್ಲೂ ಸದ್ದು ಕೇಳೋದರಲ್ಲೇ ಅರ್ಧ ಗಮನ. ಕೆಲಸಕ್ಕೆ ದಿನಾ ತಗೊಂಡು ಹೋಗಬಹುದಾ?

ಗ್ರೀಸ್ ಕೈ

ವೇಗ ಬೇಕಾದರೆ ಬೇಡ. ಕಾಗದದ ಮೇಲೆ 95 ಹಾರ್ಸ್‌ಪವರ್, ನಿಂತಲ್ಲಿಂದ 100 ಕಿಲೋಮೀಟರ್ ವೇಗ ಮುಟ್ಟೋಕೆ ಹನ್ನೆರಡು ಸೆಕೆಂಡ್ ಆಸುಪಾಸು. ಈಗಿನ ಮಾಮೂಲಿ ಸಣ್ಣ ಕಾರುಗಳೂ ಸಿಗ್ನಲ್‌ನಲ್ಲಿ ನಿಮ್ಮನ್ನು ಬಿಟ್ಟು ಹೋಗುತ್ತವೆ. ಹೋಗಲಿ ಬಿಡಿ.

ಇದರ ಮಜಾ ಇರೋದು ಅರವತ್ತು ಎಂಬತ್ತರ ವೇಗದಲ್ಲಿ, ತಿರುವು ಇರುವ ಖಾಲಿ ರಸ್ತೆಯಲ್ಲಿ. ಸೀಟು ಎಷ್ಟು ತಗ್ಗು ಅಂದರೆ ಪಕ್ಕದ ಲಾರಿಯ ವೀಲ್ ನಟ್ ನಿಮ್ಮ ಕಣ್ಣಿನ ಮಟ್ಟಕ್ಕೆ ಬರುತ್ತದೆ. ಅರವತ್ತು ಅನ್ನೋದು ನೂರರ ಹಾಗೆ ಅನ್ನಿಸುತ್ತದೆ. ಸ್ಟಿಯರಿಂಗ್‌ಗೆ ಪವರ್ ಇಲ್ಲ. ನಿಲ್ಲಿಸುವಾಗ ತೋಳು ನೋಯುತ್ತದೆ. ಆದರೆ ಓಡಲು ಶುರುವಾದ ಮೇಲೆ ರಸ್ತೆಯ ಒಂದೊಂದು ತೇಪೆಯೂ ಅಂಗೈಗೆ ಗೊತ್ತಾಗುತ್ತದೆ. ಗೇರ್ ಕಡ್ಡಿ ಗಿಡ್ಡ, ಮಣಿಕಟ್ಟು ಆಡಿಸಿದರೆ ಸಾಕು. ತಣ್ಣಗಿರುವಾಗ ಎರಡನೇ ಗೇರ್ ಸ್ವಲ್ಪ ಮೊಂಡು ಹಿಡಿಯುತ್ತದೆ, ಎಣ್ಣೆ ಬಿಸಿ ಆಗುವ ತನಕ ಬಲವಂತ ಮಾಡಬೇಡಿ. ಮೂರನೇ ಗೇರಿನಲ್ಲಿ ಏರು ಹತ್ತಿ, ಮೇಲೆ ಬಂದ ಮೇಲೆ ಓವರ್‌ಡ್ರೈವ್ ಸ್ವಿಚ್ ಒತ್ತಿ. ಕ್ಲಚ್ ಬೇಕಿಲ್ಲ. ಎಂಜಿನ್ ಸದ್ದು ಒಂದು ಮೆಟ್ಟಿಲು ಕೆಳಗಿಳಿಯುತ್ತದೆ, ವೇಗ ಹಾಗೇ ಇರುತ್ತದೆ. ನನಗೆ ಅದರಲ್ಲಿ ಸಿಗೋ ಖುಷಿ ಇನ್ನೂ ಹಳೆಯದಾಗಿಲ್ಲ.

ಕೀ ತಿರುಗಿಸಿದ ಕೂಡಲೇ ಹಿಂದಿನಿಂದ 'ಟಿಕ್ ಟಿಕ್ ಟಿಕ್' ಅಂತ ಕೇಳುತ್ತದೆ, ಹೆದರಬೇಡಿ. ಹಿಂದಿನ ಬಲ ಚಕ್ರದ ಹತ್ತಿರ ಇರುವ ಎಸ್‌ಯು ಪೆಟ್ರೋಲ್ ಪಂಪು ಅದು. ಕಾರ್ಬ್ಯುರೇಟರ್ ತುಂಬಿದ ಮೇಲೆ ತಾನೇ ಸುಮ್ಮನಾಗುತ್ತದೆ. ನಿಲ್ಲದೆ ಹೊಡೆದುಕೊಳ್ಳುತ್ತಿದ್ದರೆ ಪೆಟ್ರೋಲ್ ಮುಗಿದಿದೆ, ಇಲ್ಲವೇ ಎಲ್ಲೋ ಸೋರುತ್ತಿದೆ. ಸದ್ದೇ ಇಲ್ಲ ಅಂದರೆ ಅದರೊಳಗಿನ ಕರೆಂಟ್ ಪಾಯಿಂಟ್ ಅಂಟಿಕೊಂಡಿರುತ್ತದೆ. ಸ್ಪ್ಯಾನರ್ ಹಿಡಿಯಿಂದ ಮೆಲ್ಲಗೆ ಒಂದು ತಟ್ಟು ಕೊಟ್ಟರೆ ಸಾಮಾನ್ಯವಾಗಿ ಎಚ್ಚರವಾಗುತ್ತದೆ. ಮನೆ ಮುಟ್ಟಿಸುತ್ತದೆ. ಮಾರನೇ ದಿನ ಪಾಯಿಂಟ್ ಬದಲಿಸಿ.

ದಿನಾ ಕೆಲಸಕ್ಕೆ? ಎಂಜಿನ್ ಬೇಡ ಅನ್ನುವುದಿಲ್ಲ, ನೀವು ಅನ್ನುತ್ತೀರಿ. ಟ್ರಾಫಿಕ್‌ನಲ್ಲಿ ಬಿಸಿ ಏರುತ್ತದೆ. ಕ್ಲಚ್ ಭಾರ. ಮಳೆಯಲ್ಲಿ ಬಾಗಿಲ ಸಣ್ಣ ಗಾಜಿನ ಮೂಲೆಯಿಂದ ಮೊಣಕಾಲಿಗೆ ಹನಿ ಬೀಳುತ್ತದೆ. ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ. ಮುಂದೆ ಡಿಸ್ಕ್ ಬ್ರೇಕು ಒಳ್ಳೆಯದೇ, ಆದರೆ ನಿಮ್ಮ ಮುಂದಿನ ಗಾಡಿ ನಿಲ್ಲುವಷ್ಟು ಬೇಗ ನೀವು ನಿಲ್ಲುವುದಿಲ್ಲ. ಹಾಗಂತ ಹೊದಿಕೆ ಹೊದಿಸಿ ಇಟ್ಟುಬಿಡೋದು ಇನ್ನೂ ಕೆಟ್ಟದ್ದು. ತಿಂಗಳುಗಟ್ಟಲೆ ನಿಂತರೆ ಬ್ರೇಕ್ ಸಿಲಿಂಡರ್ ಹಿಡಿದುಕೊಳ್ಳುತ್ತದೆ, ಕ್ಲಚ್ ಪ್ಲೇಟ್ ಫ್ಲೈವೀಲ್‌ಗೆ ಅಂಟಿಕೊಳ್ಳುತ್ತದೆ, ಕಾರ್ಬ್ಯುರೇಟರ್‌ನಲ್ಲಿ ಪೆಟ್ರೋಲ್ ಅಂಟಾಗುತ್ತದೆ. ವಾರಕ್ಕೊಮ್ಮೆ ಎಂಜಿನ್ ಪೂರ್ತಿ ಬಿಸಿ ಆಗುವಷ್ಟು ಓಡಿಸಿ. 3,000 ಮೈಲಿಗೊಮ್ಮೆ ಮುಂದಿನ ಚಕ್ರ ತಿರುಗುವ ಕೀಲಾದ ಕಿಂಗ್‌ಪಿನ್‌ಗೆ ಗ್ರೀಸ್ ಗನ್ ಹಿಡಿಯಿರಿ. ಅದನ್ನು ಮರೆಯುವವರೇ ಜಾಸ್ತಿ, ಆಮೇಲೆ ಸ್ಟಿಯರಿಂಗ್ ಗಟ್ಟಿ ಅಂತ ದೂರು.

ಹೊಸಬ

ಹೋಗಿ ಬಂದೆ. ಎಡಗಡೆ ಸಿಲ್‌ಗೆ ಮ್ಯಾಗ್ನೆಟ್ ಚೆನ್ನಾಗಿ ಹಿಡಿಯಿತು. ಬಲಗಡೆ ಮುಂದಿನ ಚಕ್ರದ ಹಿಂದೆ ಒಂದು ಗೇಣು ಜಾಗದಲ್ಲಿ ಹಿಡಿಯಲೇ ಇಲ್ಲ. ಕೆಳಗೆ ಬಗ್ಗಿ ನೋಡಿದರೆ ಆ ಕಡೆ ಕ್ಯಾಸಲ್ ರೈಲ್‌ನ ಜೋಡಣೆಯೇ ಕಾಣುವುದಿಲ್ಲ, ತುಕ್ಕು ತಡೆಯಲು ಬಳಿಯುವ ಕಪ್ಪು ಅಂಡರ್‌ಸೀಲ್ ದಪ್ಪಗೆ ಬಳಿದಿದ್ದಾರೆ. ಜಾಕ್ ಕೊಡಲಾ ಅಂದೆ. "ಬೇಡ, ಬಣ್ಣ ಹೊಸದು" ಅಂದರು. ಕಾರ್ಬ್ಯುರೇಟರ್ ಮುಚ್ಚಳ ತೆಗೆದು ನೋಡಿದೆ, ಎರಡೂ ಒಣಗಿದ್ದವು. ಅವರೇ ಎಣ್ಣೆ ತಂದು ಕೊಟ್ಟರು, ಹಾಕಿದೆ. ಎಂಜಿನ್ ಈಗ ತುಂಬಾ ಚೆನ್ನಾಗಿ ಎಳೆಯುತ್ತಿದೆ. ಅದೇ ಕಷ್ಟ ಆಗಿರೋದು, ಮನಸ್ಸು ಬಿಡುತ್ತಿಲ್ಲ. ಬೆಲೆ ಇಳಿಸುತ್ತೇನೆ ಅಂತಲೂ ಹೇಳುತ್ತಿದ್ದಾರೆ.

ಗ್ರೀಸ್ ಕೈ

ಬಿಡಿ. ಅವರ ಗಾಡಿಯ ಎಂಜಿನ್ ರಿಪೇರಿ ಮಾಡಿಕೊಟ್ಟು ಬಂದಿದ್ದೀರಿ, ಅಷ್ಟೇ!

ಎಷ್ಟು ಇಳಿಸಿದರೂ ಬಲಗಡೆ ಸಿಲ್ ಕೆಲಸ ನಿಮ್ಮ ಹೆಗಲಿಗೇ ಬರುತ್ತದೆ, ನಿಮಗೆ ವೆಲ್ಡಿಂಗ್ ಬರುವುದಿಲ್ಲ. ಆ ಪುಟ್ಟಿ ಕಿತ್ತರೆ ಮುಂದೆ ಏನು ಸಿಗುತ್ತದೆ ಅಂತ ಅವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಎಂಜಿಬಿಗಳು ಮುಗಿದು ಹೋಗಿಲ್ಲ. 1980ರ ತನಕ ಐದು ಲಕ್ಷದ ಮೇಲೆ ತಯಾರಾಗಿವೆ. 1988ರಿಂದ ಬ್ರಿಟಿಷ್ ಮೋಟರ್ ಹೆರಿಟೇಜ್‌ನವರು ಹಳೇ ಅಚ್ಚುಗಳನ್ನೇ ಹುಡುಕಿ ತೆಗೆದು ಹೊಸ ಬಾಡಿ ಶೆಲ್ ಮಾಡಿ ಮಾರುತ್ತಿದ್ದಾರೆ. ಅಂಥ ಶೆಲ್ ಮೇಲೆ ಕಟ್ಟಿದ ಗಾಡಿ ಸಿಕ್ಕರೆ ಬಣ್ಣ ಮಾಸಿದ್ದರೂ, ಸೀಟು ಹರಿದಿದ್ದರೂ ಸರಿ, ಹೋಗಿ ನೋಡಿ. 'ಮಳೆ ಬಂತು' ಅವರು ಹೇಳಿದ ಹಾಗೆ ಜಿಟಿಯನ್ನೂ ಲೆಕ್ಕಕ್ಕೆ ತಗೊಳ್ಳಿ.

ಹೊಸಬ

ಸರಿ, ಬಿಟ್ಟೆ. ಒಂದು 1971ರ ಜಿಟಿ ಇದೆಯಂತೆ. ಬಣ್ಣ ಮಾಸಿದೆ, ಸಿಲ್ ಬದಲಿಸಿದ ಫೋಟೋ ಎಲ್ಲ ಇವೆ ಅಂದರು. ಭಾನುವಾರ ಬರೋಕೆ ಹೇಳಿದ್ದಾರೆ.

ಗ್ರೀಸ್ ಕೈ

ಫೋಟೋದಲ್ಲಿ ಮುಂದಿನ ವಿಂಗ್ ಬಿಚ್ಚಿದ್ದು ಕಾಣಬೇಕು, ಅದನ್ನು ಮೊದಲು ನೋಡಿ. ನೀವು ಬರುವ ತನಕ ಎಂಜಿನ್ ಸ್ಟಾರ್ಟ್ ಮಾಡಬೇಡಿ ಅಂತ ಈಗಲೇ ಫೋನ್ ಮಾಡಿ ಹೇಳಿ. ಹೋದ ಕೂಡಲೇ ಬಾನೆಟ್ ಎತ್ತಿ ರೇಡಿಯೇಟರ್ ಮುಟ್ಟಿ ನೋಡಿ, ತಣ್ಣಗಿರಬೇಕು. ಚೋಕ್ ಎಳೆದು ಸ್ಟಾರ್ಟ್ ಮಾಡೋದು ಅವರಲ್ಲ, ನೀವು. ಒಬ್ಬರನ್ನು ಹಿಂದೆ ನಿಲ್ಲಿಸಿ ಹೊಗೆ ನೋಡೋಕೆ ಹೇಳಿ. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ ಅಂತ, ಇಲ್ಲಿ ಬರೆಯಿರಿ, ಮಾತಾಡೋಣ.